ವಾರಕ್ಕೆ ಮೂರು ಸ್ನಾನ ಮಾಡಿಸಿದರೂ ನಾಯಿಯ ನಾತ ಹೋಗುತ್ತಿಲ್ಲ, ಏಕೆ?

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದಲ್ಲಿ ಇದ್ದೇವೆ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್ ನಾಯಿ ಇದೆ. ಮಳೆ ಶುರುವಾದಾಗಿನಿಂದ ಅದರ ಮೈಯಿಂದ ವಿಪರೀತ ನಾತ ಬರುತ್ತಿದೆ. ನಾವು ಬಳಸುವ ಸಾಬೂನನ್ನೇ ಹಚ್ಚಿ, ಕೊಳವೆಬಾವಿಯ ನೀರಿನಲ್ಲಿ ವಾರಕ್ಕೆ ಮೂರು ಸಲ ಸ್ನಾನ ಮಾಡಿಸುತ್ತೇವೆ; ಮರುದಿನವೇ ಮತ್ತೆ ಅದೇ ವಾಸನೆ. ರವಿವಾರ ಆಲಮಟ್ಟಿಯ ಹಿನ್ನೀರಿನ ಕಡೆ ಕರೆದೊಯ್ದಾಗ ಈಜಾಡುತ್ತದೆ, ಒಮ್ಮೊಮ್ಮೆ ದಂಡೆಯ ಸತ್ತ ಮೀನಿನ ಮೇಲೆ ಹೊರಳಾಡಿ ಬರುತ್ತದೆ. ಪಕ್ಕದ ಮನೆಯವರು ಡೆಟಾಲ್, ನಿಂಬೆರಸ, ಕರ್ಪೂರ ಕಾಯಿಸಿದ ಕೊಬ್ಬರಿ ಎಣ್ಣೆ ಎಂದು ದಿನಕ್ಕೊಂದು ಉಪಾಯ ಹೇಳುತ್ತಿದ್ದಾರೆ. ಲೋಕಾಪುರದ ನನ್ನ ತವರಿನಲ್ಲಿರುವ ಮುಧೋಳ ನಾಯಿಗೆ ಸ್ನಾನ ಮಾಡಿಸಿದ್ದನ್ನು ನಾನು ಕಂಡೇ ಇಲ್ಲ, ಆದರೂ ಅದು ನಾರುವುದಿಲ್ಲ. ಮನೆಯಲ್ಲಿಯೇ ಏನು ಮಾಡಬಹುದು? ಮನೆಯಲ್ಲಿ ಸಣ್ಣ ಮಕ್ಕಳಿರುವುದರಿಂದ ಈ ನಾತದಿಂದ ರೋಗ ಬಂದೀತೆಂದು ನಮ್ಮ ಅತ್ತೆಯವರು ಚಿಂತೆ ಮಾಡುತ್ತಿದ್ದಾರೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗ ಅಡಗಿದೆ. ವಾರಕ್ಕೆ ಮೂರು ಸ್ನಾನ, ಅದೂ ಮನುಷ್ಯರ ಸಾಬೂನಿನಿಂದ, ಅದೂ ಕೊಳವೆಬಾವಿಯ ಗಡಸು ನೀರಿನಲ್ಲಿ; ಈ ಮೂರೂ ಸೇರಿ ನಾತವನ್ನು ಕಳೆಯುವ ಬದಲು ಕಾಯ್ದು ಇಡುತ್ತಿವೆ ಎಂಬುದು ನನ್ನ ಮೊದಲ ಅನುಮಾನ. ಆದ್ದರಿಂದ ಹೊಸದಾಗಿ ಏನನ್ನು ಹಚ್ಚಬೇಕೆಂದು ಯೋಚಿಸುವ ಮೊದಲು, ಈಗ ಹಚ್ಚುತ್ತಿರುವುದನ್ನು ನಿಲ್ಲಿಸಬೇಕು.

ಆರೋಗ್ಯವಂತ ನಾಯಿಯ ಚರ್ಮದ ಮೇಲೆ ತೆಳುವಾದ ಎಣ್ಣೆಯ ಪದರವೊಂದು ಸದಾ ಇರುತ್ತದೆ. ಅದು ಚರ್ಮವನ್ನು ಒಣಗದಂತೆ ಕಾಯುತ್ತದೆ, ನೀರು ಬೇಗ ಒಳಗೆ ಇಳಿಯದಂತೆ ತಡೆಯುತ್ತದೆ, ಹಾನಿಕಾರಕ ಸೂಕ್ಷ್ಮಜೀವಿಗಳಿಗೆ ಅಂಕೆ ಹಾಕುತ್ತದೆ. ಮನುಷ್ಯರ ಚರ್ಮ ಸ್ವಲ್ಪ ಹುಳಿ ಗುಣದ್ದು, ಅದರ ಪಿಎಚ್ ಮಟ್ಟ ಸುಮಾರು 5ರ ಆಸುಪಾಸು. ನಾಯಿಯ ಚರ್ಮ ಬಹುಮಟ್ಟಿಗೆ ತಟಸ್ಥವಾಗಿದ್ದು 7ರ ಹತ್ತಿರ ಇರುತ್ತದೆ. ಅಲ್ಲದೆ ಕೂದಲಿರುವ ಭಾಗದಲ್ಲಿ ನಾಯಿಯ ಹೊರಚರ್ಮ ನಮ್ಮದಕ್ಕಿಂತ ಬಹಳ ತೆಳ್ಳಗೆ. ನಮ್ಮ ಮೈಗೆಂದು ತಯಾರಾದ ಸಾಬೂನು ಆ ಎಣ್ಣೆಯ ಪದರವನ್ನು ಪೂರ್ತಿ ಎತ್ತಿಹಾಕಿದಾಗ, ಚರ್ಮ ಒಣಗಿ ಹೊಟ್ಟು ಏಳುತ್ತದೆ, ತುರಿಕೆ ಹತ್ತುತ್ತದೆ, ನಾಯಿ ಕೆರೆದುಕೊಂಡು ಮತ್ತು ನೆಕ್ಕಿಕೊಂಡು ಮೈಯನ್ನು ಇನ್ನಷ್ಟು ಒದ್ದೆ ಮಾಡಿಕೊಳ್ಳುತ್ತದೆ. ಕೆರೆದ ಜಾಗದಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಎಂಬ ಶಿಲೀಂಧ್ರ ಬೆಳೆದು, ನಾವು ಓಡಿಸಲು ಹೊರಟ ನಾತವೇ ಹೆಚ್ಚಾಗಿ ಮರಳುತ್ತದೆ. ಚರ್ಮರೋಗ ಇಲ್ಲದ ಲ್ಯಾಬ್ರಡಾರ್ ನಾಯಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಸ್ನಾನ ಸಾಕು. ನಡುವೆ ಕೆಸರಿನಲ್ಲಿ ಬಿದ್ದು ಬಂದರೆ ಬರಿಯ ನೀರಿನಿಂದ ತೊಳೆದು ಒಣಗಿಸಿದರೆ ಆಯಿತು.

ನೀರಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಬಾಗಲಕೋಟೆ ಮತ್ತು ವಿಜಯಪುರದ ಕಡೆಯ ಮನೆಗಳಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ಭಾಗದ ಬಹಳಷ್ಟು ಕೊಳವೆಬಾವಿಗಳ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಬಿಳಿ ಕರೆ ಕಟ್ಟುವುದು ಅದರಿಂದಲೇ. ಇಂತಹ ನೀರಿನಲ್ಲಿ ಸಾಬೂನು ನೊರೆಯಾಗುವ ಮೊದಲು ಆ ಲವಣಗಳೊಡನೆ ಸೇರಿ, ನೀರಿನಲ್ಲಿ ಕರಗದ ಜಿಗುಟಾಗಿ ಮಾರ್ಪಡುತ್ತದೆ. ನಮ್ಮ ಮೈಮೇಲೆ ಅದು ಉಜ್ಜಿದಾಗ ಹೋಗುತ್ತದೆ. ಲ್ಯಾಬ್ರಡಾರ್ ನಾಯಿಗೆ ಮೇಲೊಂದು ಒರಟು ಕೂದಲು, ಅದರ ಅಡಿಗೆ ಒತ್ತಾದ ಮೆತ್ತನೆಯ ಒಳಗೂದಲು ಹೀಗೆ ಎರಡು ಪದರಗಳಿರುವುದರಿಂದ, ಜಿಗುಟು ಒಳಗೂದಲಲ್ಲಿ ಸಿಕ್ಕಿಕೊಂಡು, ಉದುರಿದ ಚರ್ಮದ ಹೊಟ್ಟನ್ನೂ ಧೂಳನ್ನೂ ಹಿಡಿದಿಟ್ಟುಕೊಂಡು, ಮುಂದಿನ ಮಳೆಗೆ ನೆನೆದು ಹುಳಿಯುತ್ತದೆ. ಸ್ನಾನವಾದ ಮೇಲೆ ಬೆನ್ನಿನ ಕೂದಲನ್ನು ಬೆರಳಿನಿಂದ ಹಿಮ್ಮುಖವಾಗಿ ಸರಿಸಿ ನೋಡಿ. ಬುಡದಲ್ಲಿ ಮಾಸಲು ಬಿಳಿಯ ಅಂಟು ಕಂಡರೆ ನನ್ನ ಅನುಮಾನ ನಿಜವೆಂದು ತಿಳಿಯಿರಿ. ನಾಯಿಗಳ ಶಾಂಪೂ ಸಾಬೂನಿನಂತೆ ಗಡಸು ನೀರಿನಲ್ಲಿ ಒಡೆದು ಜಿಗುಟಾಗುವುದಿಲ್ಲ. ಅದನ್ನು ಒಂದು ತಂಬಿಗೆ ನೀರಿನಲ್ಲಿ ಕಲಸಿ ತೆಳುವಾಗಿಸಿ ಹಚ್ಚಿದರೆ ಕಡಿಮೆ ಖರ್ಚಿನಲ್ಲಿ ಬುಡದ ತನಕ ಇಳಿಯುತ್ತದೆ. ಕೊನೆಯ ಒಂದೆರಡು ಬಕೆಟ್ ನೀರು ಮಳೆಯದ್ದೋ ನಲ್ಲಿಗೆ ಬರುವ ಹೊಳೆಯದ್ದೋ ಆಗಿದ್ದರೆ ಇನ್ನೂ ಒಳ್ಳೆಯದು.

ಮನೆಮದ್ದಿಗೆ ಕೈಹಾಕುವ ಮೊದಲು ನಾತ ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಬೇಕು. ನಾಯಿ ಒಣಗಿರುವಾಗ, ಮೂಗಿನಿಂದ ಬಾಲದ ತನಕ ಒಂದೊಂದೇ ಭಾಗವನ್ನು ಹತ್ತಿರದಿಂದ ಮೂಸಿ ನೋಡುವುದು ಮುಜುಗರದ ಕೆಲಸವೆನಿಸಿದರೂ, ನಾವು ಪಶುವೈದ್ಯರು ಮಾಡುವುದೂ ಅದನ್ನೇ. ನಾತ ಬಾಯಿಯಿಂದ ಬರುತ್ತಿದ್ದರೆ ಮೈಗೆ ಏನು ಹಚ್ಚಿದರೂ ಪ್ರಯೋಜನವಿಲ್ಲ. ನಾಲ್ಕು ವರ್ಷದ ಹೊತ್ತಿಗೆ ಬಹುಪಾಲು ನಾಯಿಗಳ ದವಡೆ ಹಲ್ಲುಗಳ ಮೇಲೆ ಹಳದಿ ಪಾಚಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ವಸಡು ಕೆಂಪಾಗಿರುತ್ತದೆ; ಅಂತಹ ನಾಯಿ ತನ್ನ ಮೈಯನ್ನು ತಾನೇ ನೆಕ್ಕಿಕೊಂಡಾಗ ಬಾಯಿಯ ನಾತ ಮೈಗೂ ಹರಡುತ್ತದೆ. ಗಟ್ಟಿಯಾದ ಪಾಚಿಯನ್ನು ವೈದ್ಯರೇ ತೆಗೆಯಬೇಕು. ಹೊಸದು ಕಟ್ಟದಂತೆ, ಬೆರಳಿಗೆ ಮೆತ್ತನೆಯ ಒದ್ದೆ ಬಟ್ಟೆ ಸುತ್ತಿ ದಿನವೂ ಹಲ್ಲು ಉಜ್ಜುವುದು ಮನೆಯಲ್ಲಿ ಆಗುವ ಕೆಲಸ. ಮನುಷ್ಯರ ಪೇಸ್ಟ್ ಮಾತ್ರ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟುಗಳಲ್ಲಿ ಸಿಹಿಗಾಗಿ ಹಾಕುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಸಿಯುವಂತೆ ಮಾಡಿ ಯಕೃತ್ತಿಗೂ ಹಾನಿ ಮಾಡುತ್ತದೆ. ಬಾಯಿಯಿಂದ ಮೂತ್ರದಂತಹ ಘಾಟು ಬಂದರೆ ಮೂತ್ರಪಿಂಡದ, ಕೊಳೆತ ಹಣ್ಣಿನಂತಹ ಸಿಹಿ ವಾಸನೆ ಬಂದರೆ ಮಧುಮೇಹದ ಪರೀಕ್ಷೆ ಆಗಲೇಬೇಕು.

ನಿಮ್ಮ ನಾಯಿ ಈಜುವುದರಿಂದ, ನಾನು ಬಾಯಿಗಿಂತ ಹೆಚ್ಚಾಗಿ ಕಿವಿಯನ್ನು ಸಂಶಯಿಸುತ್ತೇನೆ. ಲ್ಯಾಬ್ರಡಾರಿನ ಕಿವಿ ಜೋತುಬಿದ್ದಿರುವುದರಿಂದ ಒಳಗೆ ಗಾಳಿಯಾಡುವುದಿಲ್ಲ. ಹಿನ್ನೀರಿನಲ್ಲಿ ಮುಳುಗಿ ಎದ್ದ ಮೇಲೆ ಒಳಗಿನ ತೇವ ಅಲ್ಲಿಯೇ ಉಳಿದು, ಯೀಸ್ಟ್ ಬೆಳೆಯಲು ಅನುಕೂಲವಾಗುತ್ತದೆ. ಕಿವಿಯ ಹಾಳೆಯನ್ನು ಎತ್ತಿದಾಗ ಮುಗ್ಗಲು ವಾಸನೆ, ಕಂದು ಅಥವಾ ಕಪ್ಪು ಜಿಡ್ಡು, ಕೆಂಪು ಚರ್ಮ ಕಂಡರೆ, ನಾಯಿ ಪದೇ ಪದೇ ತಲೆ ಕೊಡವುತ್ತಿದ್ದರೆ ಅದು ಸೋಂಕು. ಆಗ ಬೆಚ್ಚಗಿನ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ವಿನೆಗರ್ ಮುಂತಾದ ಯಾವುದನ್ನೂ ಕಿವಿಯೊಳಗೆ ಸುರಿಯಬಾರದು. ತಮಟೆ ಹರಿದಿದೆಯೋ ಇಲ್ಲವೋ ಎಂಬುದನ್ನು ನೋಡದೆ ಹಾಕಿದ ಹನಿ ಒಳಗಿವಿಗೆ ಇಳಿದು ಕಿವುಡು ಬರಬಹುದು, ನಾಯಿ ತೂಕ ತಪ್ಪಿ ವಾಲಬಹುದು. ಸೋಂಕಿಲ್ಲದ ಕಿವಿಯನ್ನು ಈಜಿದ ನಂತರ ಹತ್ತಿಯಿಂದ, ಬೆರಳು ಹೋಗುವಷ್ಟು ಆಳದ ತನಕ ಮಾತ್ರ ಒರೆಸಿ ಒಣಗಿಸಿದರೆ ಅದೇ ದೊಡ್ಡ ಮದ್ದು. ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಚುಚ್ಚುವುದು ಬೇಡ.

ಅಂಗಾಲಿನಿಂದ ಬರುವ ಹುರಿದ ಗೋವಿನಜೋಳದಂತಹ ಲಘು ವಾಸನೆಗೆ ಹೆದರಬೇಕಾಗಿಲ್ಲ. ನಾಯಿ ಮುಖ್ಯವಾಗಿ ಅಂಗಾಲಿನಲ್ಲಿಯೇ ಬೆವರುತ್ತದೆ, ಆ ತೇವದಲ್ಲಿ ಬೆಳೆಯುವ ಸಾಮಾನ್ಯ ಬ್ಯಾಕ್ಟೀರಿಯಾಗಳಿಂದ ಆ ವಾಸನೆ ಬರುತ್ತದೆ. ಆದರೆ ಬೆರಳ ಸಂದುಗಳು ಕೆಂಪಾಗಿ, ನೆಕ್ಕಿ ನೆಕ್ಕಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಅಲರ್ಜಿಯೋ ಯೀಸ್ಟೋ ಇದೆ.

ಇನ್ನು ಮೀನಿನ ನಾತ. ಹಿನ್ನೀರಿಗೆ ಹೋಗದ ದಿನವೂ ಮೀನಿನಂತಹ ತೀಕ್ಷ್ಣ ನಾತ ಬಂದರೆ, ನಾಯಿ ಕುಳಿತೆದ್ದ ಜಾಗದಲ್ಲಿ ಅದು ಉಳಿದರೆ, ತಪ್ಪು ದಂಡೆಯ ಮೀನಿನದಲ್ಲ. ಗುದದ್ವಾರದ ಕೆಳಗೆ ಎಡಬಲಗಳಲ್ಲಿ, ಗಡಿಯಾರದ ಮುಳ್ಳು 4 ಮತ್ತು 8 ತೋರಿಸುವ ಜಾಗದಲ್ಲಿ, ಎರಡು ಪುಟ್ಟ ಗ್ರಂಥಿಚೀಲಗಳಿವೆ. ಮಲ ಗಟ್ಟಿಯಾಗಿ ಹೊರಬರುವಾಗ ಅವು ಒತ್ತಿ ಖಾಲಿಯಾಗುತ್ತವೆ. ಮಲ ಸದಾ ಮೆತ್ತಗಿರುವ ನಾಯಿಗಳಲ್ಲಿ, ಬೊಜ್ಜು ಬಂದವುಗಳಲ್ಲಿ ಅವು ತುಂಬಿ ಸೋರುತ್ತವೆ. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ಜಾರುವುದು ಅದರ ಗುರುತು. ಬೇಯಿಸಿದ ಸಿಹಿಗುಂಬಳವನ್ನು ಒಂದೆರಡು ಚಮಚ ಊಟದಲ್ಲಿ ಬೆರೆಸುವುದು, ತೂಕ ಇಳಿಸುವುದು ಸಹಾಯ ಮಾಡುತ್ತವೆ. ಅವನ್ನು ಹಿಂಡುವ ಕೆಲಸವನ್ನು ವಿಡಿಯೋ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ಚೀಲದಲ್ಲಿ ಕೀವಾಗಿದ್ದರೆ ಅದು ಒಳಗೇ ಒಡೆಯಬಹುದು.

ಇವೆಲ್ಲ ಸರಿಯಾಗಿದ್ದು, ನಾತ ಮೈತುಂಬ ಒಂದೇ ಸಮನಾಗಿ ಇದ್ದರೆ, ಚರ್ಮದಲ್ಲಿ ಗಾಯ, ಕೆಂಪು, ಅತಿಯಾದ ಜಿಡ್ಡು ಇಲ್ಲದಿದ್ದರೆ, ಅಲ್ಲಿಂದ ಮನೆಮದ್ದಿನ ಸರದಿ. ಎಲ್ಲಕ್ಕೂ ಮೊದಲಿನದು ಬಾಚಣಿಗೆ. ಹಣಿಗೆಯನ್ನು ಮದ್ದೆಂದು ಯಾರೂ ಎಣಿಸುವುದಿಲ್ಲ, ಆದರೆ ನಾನು ಬರೆದುಕೊಡುವ ಚೀಟಿಯಲ್ಲಿ ಮೊದಲ ಸಾಲು ಯಾವಾಗಲೂ ಅದೇ. ದಿನಕ್ಕೆ ಹತ್ತು ನಿಮಿಷ, ಒಳಗೂದಲಿನ ತನಕ ಇಳಿಯುವಂತೆ ಬಾಚಿದರೆ, ಸತ್ತ ಕೂದಲು, ಹೊಟ್ಟು, ಧೂಳು ಹೊರಬರುತ್ತವೆ, ಎಣ್ಣೆ ಸಮನಾಗಿ ಹರಡುತ್ತದೆ, ಉಣ್ಣೆ ಹುಳವಿದ್ದರೆ ಕೈಗೆ ಸಿಗುತ್ತದೆ. ಸ್ನಾನಕ್ಕೂ ಮೊದಲೇ ಬಾಚಬೇಕು. ಒದ್ದೆಯಾದ ಮೇಲೆ ಸತ್ತ ಕೂದಲು ಗಂಟುಕಟ್ಟಿ ಕೂರುತ್ತದೆ.

ಎರಡನೆಯದು ಒಣಗಿಸುವುದು. ಒದ್ದೆ ನಾಯಿ ಒಣ ನಾಯಿಗಿಂತ ಹೆಚ್ಚು ನಾರುವುದಕ್ಕೆ ಕಾರಣ, ಕೂದಲಿನ ಮೇಲೆ ವಾಸಿಸುವ ಸೂಕ್ಷ್ಮಜೀವಿಗಳು ಉಂಟುಮಾಡಿದ ವಾಸನೆಯ ಅಣುಗಳು ನೀರು ಸೋಕಿದಾಗ ಕೂದಲನ್ನು ಬಿಟ್ಟು, ನೀರು ಆರುವಾಗ ಆವಿಯೊಡನೆ ಗಾಳಿಗೆ ಸೇರುತ್ತವೆ. ಬೇಗ ಒಣಗಿದರೆ ಅದು ಒಂದು ಗಂಟೆಯ ಕಥೆ. ಒಣಗದೆ ಉಳಿದರೆ ಅದೇ ತೇವದಲ್ಲಿ ಸೂಕ್ಷ್ಮಜೀವಿಗಳು ಮತ್ತಷ್ಟು ಬೆಳೆಯುತ್ತವೆ. ಬೆಳಗಾವಿ, ಖಾನಾಪುರದ ಕಡೆಯ ಸತತ ಮಳೆಯಲ್ಲಿ ಸಾಕಿದ ನಾಯಿಗಳಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮದ ಯೀಸ್ಟ್ ತೊಂದರೆ ಹೆಚ್ಚುವುದು ಇದರಿಂದಲೇ. ವಿಜಯಪುರದ ಒಣ ಹವೆಯಲ್ಲಿ ಅದೇ ತಳಿಯ ನಾಯಿಗೆ ಅಷ್ಟು ಕಾಟವಿಲ್ಲ. ನಿಮ್ಮಲ್ಲಿ ಬೆಳಗಾವಿಯ ಮಳೆ ಇಲ್ಲದಿದ್ದರೂ, ವಾರಕ್ಕೆ ಮೂರು ಸ್ನಾನ ಮತ್ತು ಒಂದು ಈಜು ಸೇರಿ ಆ ಒಳಗೂದಲು ಒಣಗುವುದೇ ಇಲ್ಲ. ಹಳೆಯ ಧೋತರ ಅಥವಾ ನೂಲಿನ ಸೀರೆಯಿಂದ ಒತ್ತಿ ಒತ್ತಿ ನೀರು ಹೀರಿಸಿ, ನಂತರ ಫ್ಯಾನಿನ ಕೆಳಗೆ ಕೂರಿಸಿ, ಕಂಕುಳು, ತೊಡೆಯ ಸಂದು, ಕುತ್ತಿಗೆಯ ಪಟ್ಟಿಯ ಅಡಿ ಇವನ್ನು ಬೇರೆಯಾಗಿ ಒರೆಸಿ. ಕುತ್ತಿಗೆಪಟ್ಟಿಯನ್ನು ಬಿಚ್ಚಿ ತೊಳೆಯುವುದನ್ನು ಮರೆಯಬಾರದು. ಎಷ್ಟೋ ಸಲ ಅರ್ಧ ನಾತ ಆ ಪಟ್ಟಿಯದೇ ಆಗಿರುತ್ತದೆ.

ಮೂರನೆಯದು ವಿನೆಗರ್. ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಸಾಕು, ದುಬಾರಿ ಸೇಬಿನ ವಿನೆಗರ್ ಬೇಕೆಂದಿಲ್ಲ. ಒಂದು ಲೋಟ ವಿನೆಗರಿಗೆ ನಾಲ್ಕು ಲೋಟ ನೀರು ಬೆರೆಸಿ, ಶಾಂಪೂ ತೊಳೆದ ನಂತರ ಕುತ್ತಿಗೆಯಿಂದ ಕೆಳಗೆ ಸುರಿದು, ಐದು ನಿಮಿಷ ಬಿಟ್ಟು ಮತ್ತೆ ನೀರು ಹಾಕಿ. ಇದರ ಹುಳಿ ಗಡಸು ನೀರಿನ ಜಿಗುಟನ್ನು ಸಡಿಲಿಸುತ್ತದೆ, ಯೀಸ್ಟ್ ಬೆಳೆಯುವುದಕ್ಕೂ ಅಷ್ಟಿಷ್ಟು ತಡೆಯೊಡ್ಡುತ್ತದೆ. ವಿನೆಗರಿನ ಸ್ವಂತ ಘಾಟು ಕೂದಲು ಒಣಗಿದೊಡನೆ ಹೋಗುತ್ತದೆ. ನಿಮ್ಮ ಮನೆಯ ನೀರಿಗೆ ಇದಕ್ಕಿಂತ ಹೊಂದುವ ಮನೆಮದ್ದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕಣ್ಣಿಗೆ, ಕೆರೆದ ಗಾಯಕ್ಕೆ ಸೋಕಿದರೆ ಉರಿಯುತ್ತದೆ, ಆದ್ದರಿಂದ ಚರ್ಮ ಹರಿದಲ್ಲಿ ಬಳಸಬೇಡಿ.

ಅಡುಗೆ ಸೋಡಾದ ಹೆಸರು ಎಲ್ಲೆಡೆ ಕೇಳಿಬರುತ್ತದೆ. ಒಣ ಮೈಮೇಲೆ ಎರಡು ಮೂರು ಚಮಚದಷ್ಟು ಉದುರಿಸಿ, ಐದಾರು ನಿಮಿಷ ಕೈಯಿಂದ ತಿಕ್ಕಿ, ಪೂರ್ತಿ ಬಾಚಿ ತೆಗೆದರೆ ಸ್ನಾನವಿಲ್ಲದೆ ವಾಸನೆ ತಗ್ಗುವುದು ನಿಜ. ಅತಿಥಿಗಳು ಬರುವ ದಿನಕ್ಕೆ ಉಪಯೋಗವಾದೀತು. ಆದರೆ ಅದು ಕ್ಷಾರ ಗುಣದ್ದು, ವಾರ ವಾರವೂ ಬಳಸಿದರೆ ಚರ್ಮ ಒಣಗುತ್ತದೆ, ನೆಕ್ಕಿ ಹೆಚ್ಚು ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ. ಸೋಡಾದ ಬದಲು ಕಾರ್ನ್ ಫ್ಲೋರ್ ಉದುರಿಸಿ ಬಾಚಿದರೂ ಜಿಡ್ಡು ಹೀರುತ್ತದೆ, ಅಪಾಯ ಕಡಿಮೆ. ಬಟ್ಟೆ ಒಗೆಯುವ ಸೋಡಾ ಬೇರೆಯೇ ವಸ್ತು, ಅದು ಚರ್ಮವನ್ನು ಸುಡುತ್ತದೆ. ಡಬ್ಬಿಗಳನ್ನು ಅದಲುಬದಲು ಮಾಡಿಕೊಳ್ಳಬೇಡಿ. ವಿನೆಗರ್ ಮತ್ತು ಸೋಡಾ ಎರಡನ್ನೂ ಒಟ್ಟಿಗೆ ಕಲಸಿ ಹಚ್ಚುವ ಸಲಹೆಯೂ ಚಾಲ್ತಿಯಲ್ಲಿದೆ. ನೊರೆ ಉಕ್ಕುವುದನ್ನು ನೋಡಿ ಏನೋ ಆಗುತ್ತಿದೆ ಎನಿಸುತ್ತದೆ. ಆಗುವುದು ಇಷ್ಟೇ, ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಲವಣದ ನೀರು ಉಳಿಯುತ್ತದೆ.

ಕಡಲೆ ಹಿಟ್ಟು, ಸೀಗೆಕಾಯಿ, ಅಂಟುವಾಳ ನಮ್ಮ ಹಳೆಯ ಮನೆಗಳ ಸ್ನಾನದ ಸಾಮಗ್ರಿ. ಇವು ಜಿಡ್ಡು ತೆಗೆಯುತ್ತವೆ. ಆದರೆ ಕಡಲೆ ಹಿಟ್ಟು ಲ್ಯಾಬ್ರಡಾರಿನ ಒಳಗೂದಲಿನಿಂದ ಪೂರ್ತಿ ತೊಳೆದು ಹೋಗುವುದಿಲ್ಲ, ಉಳಿದದ್ದು ಹುಳಿತು ನಾರುತ್ತದೆ, ಇರುವೆಯನ್ನೂ ಕರೆಯುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ನಾಯಿ ಮುಂದಿನ ಸಲ ಬಚ್ಚಲಿನ ಹತ್ತಿರವೂ ಸುಳಿಯುವುದಿಲ್ಲ. ಬೇವಿನ ಎಲೆ ಕುದಿಸಿ ಆರಿಸಿದ ನೀರನ್ನು ಸ್ನಾನದ ಕೊನೆಯಲ್ಲಿ ಸುರಿಯುವುದರಿಂದ ತೊಂದರೆಯಿಲ್ಲ, ಅದರಿಂದ ದೊಡ್ಡ ಪವಾಡವನ್ನೂ ನಿರೀಕ್ಷಿಸಬೇಡಿ. ತುರಿಕೆ ಇದ್ದರೆ ಓಟ್ಸ್ ಅನ್ನು ನುಣ್ಣಗೆ ಪುಡಿಮಾಡಿ ಬೆಚ್ಚಗಿನ ನೀರಿನಲ್ಲಿ ಕದಡಿ ಹತ್ತು ನಿಮಿಷ ಮೈಮೇಲೆ ಬಿಟ್ಟು ಚೆನ್ನಾಗಿ ತೊಳೆದರೆ ಚರ್ಮಕ್ಕೆ ನಿಜವಾಗಿಯೂ ಆರಾಮ ಸಿಗುತ್ತದೆ. ಮೊಸರು, ಮಜ್ಜಿಗೆ ಹಚ್ಚುವುದರಿಂದ ನೊಣಗಳಿಗೆ ಹಬ್ಬ.

ಸತ್ತ ಮೀನಿನ ಮೇಲೆ ಹೊರಳಿ ಬಂದ ದಿನದ ಚಿಕಿತ್ಸೆ ಬೇರೆ. ಮೀನಿನ ನಾತ ಅಮೈನ್ ಎಂಬ ಕ್ಷಾರ ಗುಣದ ವಸ್ತುಗಳಿಂದ ಬರುತ್ತದೆ. ಹುಳಿ ಅವನ್ನು ಹಾರದಂತೆ ಕಟ್ಟಿಹಾಕುತ್ತದೆ, ಮೀನು ತೊಳೆದ ಕೈಗೆ ಹುಣಸೆಹಣ್ಣು ತಿಕ್ಕುವುದರ ಹಿಂದಿನ ಲೆಕ್ಕವೂ ಅದೇ. ಆದ್ದರಿಂದ ಮೀನಿಗೆ ಮೇಲೆ ಹೇಳಿದ ವಿನೆಗರ್ ನೀರು, ನಂತರ ಶಾಂಪೂ ಸಾಕು. ಆದರೆ ಸತ್ತ ಪ್ರಾಣಿಯ ಕೊಳೆತ ದೇಹದ ಮೇಲೆ, ಚರಂಡಿಯಲ್ಲಿ ಹೊರಳಿದ್ದರೆ, ಆ ನಾತದಲ್ಲಿ ಗಂಧಕದ ಅಂಶ ಹೆಚ್ಚಿರುತ್ತದೆ, ವಿನೆಗರಿಗೆ ಅದು ಬಗ್ಗುವುದಿಲ್ಲ. ಅಮೆರಿಕದಲ್ಲಿ ಸ್ಕಂಕ್ ಎಂಬ ಪ್ರಾಣಿ ನಾಯಿಗಳ ಮೇಲೆ ಚಿಮ್ಮಿಸುವ ಗಂಧಕದ ದುರ್ನಾತಕ್ಕೆ ಪಾಲ್ ಕ್ರೆಬಾಮ್ ಎಂಬ ರಸಾಯನಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಮಿಶ್ರಣ ಇಲ್ಲಿಯೂ ಕೆಲಸ ಮಾಡುತ್ತದೆ: ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ದ್ರವ ಸಾಬೂನು ಒಂದು ಚಮಚ. ಪೆರಾಕ್ಸೈಡ್ ಗಂಧಕದ ವಸ್ತುಗಳನ್ನು ಆಮ್ಲಜನಕದೊಡನೆ ಕೂಡಿಸಿ ವಾಸನೆಯಿಲ್ಲದ ರೂಪಕ್ಕೆ ತರುತ್ತದೆ. ನಮ್ಮ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 6ರದ್ದು. ಬಾಟಲಿಯ ಮೇಲೆ ಹಾಗೆ ಬರೆದಿದ್ದರೆ ಸಮಪ್ರಮಾಣದ ನೀರು ಬೆರೆಸಿಕೊಳ್ಳಲೇಬೇಕು. ಕೈಗವಸು ಹಾಕಿಕೊಂಡು, ನಾರುವ ಜಾಗಕ್ಕೆ ಮಾತ್ರ ಹಚ್ಚಿ, ಐದು ನಿಮಿಷದಲ್ಲಿ ತೊಳೆದುಬಿಡಿ. ಕಣ್ಣು, ಬಾಯಿ, ಗಾಯದಿಂದ ದೂರವಿಡಿ. ಕಪ್ಪು ಕೂದಲು ಸ್ವಲ್ಪ ಕೆಂಚಾಗಬಹುದು. ಉಳಿದ ಮಿಶ್ರಣವನ್ನು ಮುಚ್ಚಿದ ಬಾಟಲಿಯಲ್ಲಿ ಎತ್ತಿಡಬಾರದು, ಆಮ್ಲಜನಕ ತುಂಬಿ ಬಾಟಲಿ ಸಿಡಿಯುತ್ತದೆ, ಚೆಲ್ಲಿಬಿಡಿ. ಇದು ಅಪರೂಪದ ದಿನದ ಮದ್ದು, ತಿಂಗಳ ಸ್ನಾನದ್ದಲ್ಲ.

ಪಕ್ಕದ ಮನೆಯವರ ಮೂರು ಉಪಾಯಗಳಲ್ಲಿ ಒಂದೂ ಬೇಡ. ಡೆಟಾಲ್‌ನಂತಹ ದ್ರಾವಣದಲ್ಲಿರುವ ಜಂತುನಾಶಕ ಚರ್ಮವನ್ನು ಕೆರಳಿಸುತ್ತದೆ, ಮೈ ನೆಕ್ಕುವ ಪ್ರಾಣಿಯ ನಾಲಿಗೆ ಮತ್ತು ಅನ್ನನಾಳದಲ್ಲಿ ಹುಣ್ಣು ಮಾಡಬಲ್ಲದು. ಮನೆಯಲ್ಲಿ ಬೆಕ್ಕೂ ಇದ್ದರೆ ಅದಕ್ಕೆ ಇದು ಇನ್ನೂ ದೊಡ್ಡ ವಿಷ. ನಿಂಬೆಯ ರಸ ಗಾಯಕ್ಕೆ ಉರಿ, ಸಿಪ್ಪೆಯಲ್ಲಿರುವ ಎಣ್ಣೆ ನಾಯಿಗೆ ಆಗಿಬರುವುದಿಲ್ಲ. ಕರ್ಪೂರದ ಎಣ್ಣೆ ಮೂರರಲ್ಲಿಯೂ ಕೆಟ್ಟದ್ದು. ಕರ್ಪೂರ ಚರ್ಮದ ಮೂಲಕವೂ ನೆಕ್ಕಿದಾಗ ಹೊಟ್ಟೆಯ ಮೂಲಕವೂ ರಕ್ತಕ್ಕೆ ಸೇರಿ ಫಿಟ್ಸ್ ತರಬಲ್ಲದು. ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆಗಳಿಗೂ ಇದೇ ಮಾತು. ಉಣ್ಣೆಗೆಂದು ಹೊಲದ ಕೀಟನಾಶಕ, ಸೀಮೆಎಣ್ಣೆ ಹಚ್ಚುವುದು, ಹಾಸಿಗೆಯಡಿ ಡಾಂಬರ್ ಗುಳಿಗೆ ಇಡುವುದು ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪೌಡರ್, ಸೆಂಟು ಹೊಡೆಯುವುದು ಕಸ ಗುಡಿಸದೆ ಊದುಬತ್ತಿ ಹಚ್ಚಿದಂತೆ. ಜೊತೆಗೆ, ನಮಗಿಂತ ಹತ್ತಾರು ಪಟ್ಟು ಹೆಚ್ಚು ಘ್ರಾಣಕೋಶಗಳಿರುವ ಮೂಗಿಗೆ ಅದು ಹಿಂಸೆ.

ನೀವು ಬರೆಯದೆ ಬಿಟ್ಟ ಒಂದು ಸಂಗತಿಯನ್ನು ನಾನು ಕೇಳಲೇಬೇಕು: ನಾಯಿ ಮಲಗುವುದು ಯಾವುದರ ಮೇಲೆ? ನಮ್ಮ ಮನೆಗಳಲ್ಲಿ ಹಳೆಯ ಕೌದಿಯೊಂದನ್ನು ನಾಯಿಗೆ ಹಾಸಿಬಿಟ್ಟರೆ, ಅದು ಹರಿದು ಚಿಂದಿಯಾಗುವ ತನಕ ನೀರು ಕಾಣುವುದಿಲ್ಲ. ಪದರ ಪದರವಾಗಿ ಹೊಲಿದ ಕೌದಿ ನಾಯಿಯ ಎಣ್ಣೆ, ಜೊಲ್ಲು, ಒದ್ದೆ ಎಲ್ಲವನ್ನೂ ಹೀರಿ ಇಟ್ಟುಕೊಂಡಿರುತ್ತದೆ. ಸ್ನಾನವಾದ ನಾಯಿ ಹೋಗಿ ಅದರ ಮೇಲೆ ಹೊರಳಿದರೆ, ಮರುದಿನದ ನಾತ ನಾಯಿಯದಲ್ಲ, ಕೌದಿಯದು. ದಪ್ಪ ಕೌದಿಯ ಬದಲು ತೆಳ್ಳನೆಯ ಎರಡು ಹಾಸುಗಳನ್ನು ಇಟ್ಟುಕೊಂಡು, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಎರಡೂ ಬದಿ ಒಣಗಿಸಿ. ಅಡುಗೆ ಸೋಡಾ ನಿಜವಾಗಿ ಸೇರಬೇಕಾದ ಜಾಗವೂ ಇದೇ: ರಾತ್ರಿ ಹಾಸಿನ ಮೇಲೆ ಧಾರಾಳವಾಗಿ ಉದುರಿಸಿ, ನಾಯಿಯನ್ನು ಬೇರೆ ಕಡೆ ಮಲಗಿಸಿ, ಬೆಳಿಗ್ಗೆ ಝಾಡಿಸಿ. ನೆಲಕ್ಕೆ ಫಿನೈಲ್ ಹಾಕಿದರೆ ಪೂರ್ತಿ ಒಣಗುವ ತನಕ ನಾಯಿಯನ್ನು ಬಿಡಬೇಡಿ.

ನಿಮ್ಮ ತವರಿನ ಮುಧೋಳ ನಾಯಿ ನಾರದಿರುವುದರಲ್ಲಿ ಆಶ್ಚರ್ಯವಿಲ್ಲ. ಓಟಕ್ಕೆಂದೇ ರೂಢಿಯಾದ ತಳಿ ಅದು. ಮೈಗೆ ಅಂಟಿದ ಸಣ್ಣ ಕೂದಲು, ಒತ್ತಾದ ಒಳಗೂದಲಿಲ್ಲ, ಚರ್ಮದಲ್ಲಿ ಮಡಿಕೆಗಳಿಲ್ಲ, ಬೊಜ್ಜಿಲ್ಲ, ಕಿವಿ ತೆಳ್ಳಗೆ. ನೀರು ಬಿದ್ದರೆ ಕೊಡವಿ ಹತ್ತು ನಿಮಿಷದಲ್ಲಿ ಒಣಗುತ್ತದೆ, ಹೊಲದ ಗಾಳಿಯಲ್ಲಿ ಮಲಗುತ್ತದೆ. ಅದಕ್ಕೆ ಒದ್ದೆ ಬಟ್ಟೆಯಿಂದ ಆಗಾಗ ಒರೆಸಿದರೆ ಸಾಕು, ಲ್ಯಾಬ್ರಡಾರಿನ ಉಪಚಾರವನ್ನೆಲ್ಲ ಅದಕ್ಕೆ ಮಾಡಹೋಗಬೇಡಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಸಾಕಣೆಯ ಕುರಿತು ತವರಿನವರಿಗೆ ಏನಾದರೂ ಸಂದೇಹವಿದ್ದರೆ ಅಲ್ಲಿ ವಿಚಾರಿಸಬಹುದು. ಆದರೆ ಆ ನಾಯಿ ನಾರತೊಡಗಿದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ಹೊಲದ ನಾಯಿಗಳಲ್ಲಿ ಕೊಳೆತ ನಾತವೆಂದರೆ ಬಹಳ ಸಲ ಹುಳ ಬಿದ್ದ ಗಾಯ. ಮುಳ್ಳು ತಂತಿ ಗೀರಿದ ಸಣ್ಣ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನಗಳಲ್ಲಿ ಹುಳ ಮಾಂಸವನ್ನು ಕೊರೆಯುತ್ತದೆ.

ನಿಮ್ಮ ನಾಯಿಗೆ ಸಾಬೂನು ನಿಲ್ಲಿಸಿ, ಬಾಚಿ, ಒಣಗಿಸಿ, ಹಾಸು ಬದಲಿಸಿ ಮೂರು ವಾರ ನೋಡಿ. ಅಷ್ಟರಲ್ಲಿ ತಗ್ಗದಿದ್ದರೆ, ಅಥವಾ ಈಗಲೇ ಹೊಟ್ಟೆಯ ಅಡಿಯ, ಕಂಕುಳಿನ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ, ಕೂದಲು ತೇಪೆ ತೇಪೆಯಾಗಿ ಉದುರುತ್ತಿದ್ದರೆ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಚರ್ಮಕ್ಕೆ ಅಂಟುಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್ ಇದೆಯೋ ಬ್ಯಾಕ್ಟೀರಿಯಾ ಇದೆಯೋ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ಅದಕ್ಕೆ ತಕ್ಕ ಔಷಧದ ಶಾಂಪೂ ಕೊಡುತ್ತಾರೆ. ಆಗ ವಾರಕ್ಕೆ ಎರಡು ಸ್ನಾನ ಹೇಳಿದರೂ ಮಾಡಿಸಬೇಕು, ಅದು ಚಿಕಿತ್ಸೆಯ ಸ್ನಾನ. ಲ್ಯಾಬ್ರಡಾರ್ ತಳಿಗೆ ಅಲರ್ಜಿಯ ಪ್ರವೃತ್ತಿ ಹೆಚ್ಚು, ಥೈರಾಯ್ಡ್ ಕೊರತೆಯೂ ಬರುವುದುಂಟು. ತಿಂದದ್ದಕ್ಕಿಂತ ಹೆಚ್ಚು ದಪ್ಪವಾಗುತ್ತ, ಮಂಕಾಗಿ, ಮೈ ಜಿಡ್ಡಾಗಿದ್ದರೆ ರಕ್ತಪರೀಕ್ಷೆ ಕೇಳಿ. ಹೋಗುವ ಮೊದಲು ಸ್ನಾನ ಮಾಡಿಸಬೇಡಿ, ಕಿವಿಯನ್ನೂ ತೊಳೆಯಬೇಡಿ. ತೊಳೆದ ಮೇಲೆ ನೋಡಲು ನಮಗೆ ಏನೂ ಉಳಿದಿರುವುದಿಲ್ಲ.

ನಿಮ್ಮ ಅತ್ತೆಯವರ ಚಿಂತೆಯನ್ನು ತಳ್ಳಿಹಾಕುವಂತಿಲ್ಲ, ಆದರೆ ಅದು ಸ್ವಲ್ಪ ಬೇರೆ ಕಡೆ ತಿರುಗಬೇಕು. ನಾತದಿಂದ ಮಕ್ಕಳಿಗೆ ರೋಗ ಬರುವುದಿಲ್ಲ. ನಾಯಿಯ ಚರ್ಮದ ಸಾಮಾನ್ಯ ಯೀಸ್ಟ್ ಆರೋಗ್ಯವಂತ ಮಕ್ಕಳಿಗೆ ಅಂಟುವುದು ತೀರ ಅಪರೂಪ. ಚರ್ಮರೋಗಗಳಲ್ಲಿ ಮುಖ್ಯವಾಗಿ ಹುಳುಕಡ್ಡಿ ಮತ್ತು ಒಂದು ಬಗೆಯ ಕಜ್ಜಿ ಅಂಟುತ್ತವೆ, ಇವೆರಡರಲ್ಲಿಯೂ ಕೂದಲು ಉದುರಿದ ತೇಪೆ ಅಥವಾ ತಡೆಯಲಾಗದ ತುರಿಕೆ ಕಾಣುತ್ತದೆ, ನಾತ ಇರಲೇಬೇಕೆಂದಿಲ್ಲ. ಮಕ್ಕಳಿರುವ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಬಾರದು. ಹಿನ್ನೀರಿನಲ್ಲಿ ಈಜುವ ನಾಯಿಗೆ ಇಲಿಜ್ವರದ ಲಸಿಕೆಯೂ ಇರಬೇಕು. ಇಲಿಗಳ ಮೂತ್ರ ಸೇರಿದ ನಿಂತ ನೀರಿನಿಂದ ಅದು ನಾಯಿಗೆ, ನಾಯಿಯ ಮೂತ್ರದಿಂದ ಮನೆಯವರಿಗೆ ಹರಡಬಲ್ಲದು. ಲಸಿಕೆಯ ಪುಸ್ತಕದಲ್ಲಿ ಲೆಪ್ಟೋಸ್ಪೈರೋಸಿಸ್ ಎಂಬ ಹೆಸರಿನ ಮುಂದೆ ಈ ವರ್ಷದ ತಾರೀಖು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಲಸಿಕೆ ಹಾಕಿಸುವ ತನಕ ರವಿವಾರದ ಈಜನ್ನು ನಿಲ್ಲಿಸಿ.